ಹಿಮ, ಉಪ್ಪು ಮತ್ತು ಮೋಟಾರು ಕಾರು

ಕೈಯಿಂದ ತಿರುಗಿಸುವ ಮರದ ಪೀಪಾಯಿಯಲ್ಲಿ ಐಸ್‌ಕ್ರೀಂ ಮಾಡುವುದನ್ನು ಕಂಡ ವಾಚಕರಿಗೆ ಒಂದು ಸಂಗತಿ ನೆನಪಿರಬಹುದು. ಹಾಲಿನ ಡಬ್ಬಿಯ ಸುತ್ತ ಮಂಜುಗಡ್ಡೆಯ ಚೂರುಗಳನ್ನು ತುಂಬಿ, ಅವುಗಳ ಮೇಲೆ ಹಿಡಿಹಿಡಿಯಾಗಿ ಕಲ್ಲುಪ್ಪನ್ನು ಎರಚುವರು. ಉಪ್ಪು ಬಿದ್ದೊಡನೆಯೇ ಮಂಜುಗಡ್ಡೆ ಕರಗತೊಡಗುವುದು. ಆದರೆ ಕರಗಿದ ನೀರು ಸೊನ್ನೆ ಡಿಗ್ರಿಗಿಂತಲೂ ಎಷ್ಟೋ ತಣ್ಣಗಿರುವುದು. ಹಾಲನ್ನು ಹೆಪ್ಪುಗಟ್ಟಿಸುವ ಈ ಯುಕ್ತಿಯೇ ಉತ್ತರ ಅಮೆರಿಕದಲ್ಲಿ ಹಿಮ ಕವಿದ ಹೆದ್ದಾರಿಗಳನ್ನು ತೆರವು ಮಾಡುವ ಉಪಾಯವೂ ಆಗಿದೆ. ಅಲ್ಲಿಯ ಕಾರುಗಳ ಆಯುಸ್ಸನ್ನು ಮೊಟಕುಗೊಳಿಸುವ ಶತ್ರುವೂ ಅದೇ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಸ್ತೆಗೆ ಉಪ್ಪು ಹಾಕುವ ಪ್ರಯೋಗವು ೧೯೩೮ರಲ್ಲಿ ನ್ಯೂ ಹ್ಯಾಂಪ್‌ಶೈರ್ ಪ್ರಾಂತದಲ್ಲಿ ನಡೆಯಿತು. ಇಂದು ಆ ದೇಶದ ರಸ್ತೆಗಳ ಮೇಲೆ ವರ್ಷವೊಂದಕ್ಕೆ ಸುಮಾರು ಎರಡು ಕೋಟಿ ಟನ್ ಉಪ್ಪು ಬೀಳುತ್ತದೆ. ಮೋಟಾರು ಕಾರುಗಳ ರಾಜಧಾನಿ ಎನಿಸಿಕೊಂಡ ಡಿಟ್ರಾಯಿಟ್ ನಗರದ ಅಡಿಯಲ್ಲಿಯೇ, ಸುಮಾರು ೧೨೦೦ ಅಡಿಗಳ ಆಳದಲ್ಲಿ, ಉಪ್ಪಿನ ದೊಡ್ಡದೊಂದು ಗಣಿಯುಂಟು. ಕಾರನ್ನು ಹೆತ್ತ ಊರೇ ಅದನ್ನು ತಿನ್ನುವ ವಸ್ತುವನ್ನೂ ಒದಗಿಸುತ್ತಿರುವುದು ವಿಚಿತ್ರವಲ್ಲವೆ?

ಶುದ್ಧವಾದ ನೀರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ ಹೆಪ್ಪುಗಟ್ಟುವುದು. ಅದರಲ್ಲಿ ಉಪ್ಪು ಬೆರೆತರೆ ಘನೀಭವನ ಬಿಂದು ಕೆಳಗಿಳಿಯುವುದು. ನೂರು ಭಾಗ ದ್ರಾವಣದಲ್ಲಿ ಸುಮಾರು ೨೩ ಭಾಗ ಉಪ್ಪಿದ್ದಾಗ ಅದು ಸೊನ್ನೆಗಿಂತ ೨೧ ಡಿಗ್ರಿಗಳಷ್ಟು ಕೆಳಕ್ಕೆ ಹೋಗುವುದು. ಆದರೆ ಇದು ಪ್ರಯೋಗಶಾಲೆಯ ಲೆಕ್ಕ. ರಸ್ತೆಯ ಮೇಲಾದರೋ, ಸೊನ್ನೆಯಿಂದ ಒಂಬತ್ತು ಹತ್ತು ಡಿಗ್ರಿ ಕೆಳಗೆ ಹೋದಾಗ ಅಡಿಗೆ ಉಪ್ಪಿನ ಕೆಲಸ ತೀರ ನಿಧಾನವಾಗುವುದು. ಇನ್ನೂ ಕಠಿನವಾದ ಚಳಿಯಲ್ಲಿ ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಕ್ಲೋರೈಡುಗಳನ್ನು ಬಳಸುವರು.

ಹೀಗೆ ಕರಗಿದ ಹಿಮವು ಉಪ್ಪುನೀರಾಗಿ, ಓಡುವ ಗಾಲಿಗಳಿಂದ ಸಿಡಿದು, ಕಾರಿನ ಅಡಿಭಾಗಕ್ಕೆಲ್ಲ ಬಳಿದುಕೊಳ್ಳುವುದು. ಮುಂದೆ ನಡೆಯುವುದು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ಒದ್ದೆಯಾದ ಉಕ್ಕಿನ ತಗಡನ್ನು ಲೆಕ್ಕವಿಲ್ಲದಷ್ಟು ಪುಟ್ಟ ಬ್ಯಾಟರಿಗಳ ಸಮೂಹವೆಂದು ಭಾವಿಸಬಹುದು. ಒಂದೆಡೆ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನುಗಳಾಗಿ ನೀರಿಗಿಳಿಯುತ್ತವೆ. ಇನ್ನೊಂದೆಡೆ ಗಾಳಿಯ ಆಮ್ಲಜನಕ ಆ ಎಲೆಕ್ಟ್ರಾನುಗಳನ್ನು ಸ್ವೀಕರಿಸುತ್ತದೆ. ಬರಿಯ ನೀರು ವಿದ್ಯುತ್ತಿಗೆ ಒಳ್ಳೆಯ ವಾಹಕವಲ್ಲವಾದುದರಿಂದ ಅದರಲ್ಲಿ ಈ ವ್ಯಾಪಾರ ಮೆಲ್ಲನೆ ಸಾಗುವುದು. ಉಪ್ಪು ಬೆರೆತೊಡನೆ ಮಾರ್ಗ ಸುಗಮವಾಗುವುದು. ಅಲ್ಲದೆ ಲೋಹದ ಮೇಲೆ ಸಹಜವಾಗಿ ಹುಟ್ಟುವ ರಕ್ಷಕ ಪೊರೆಯನ್ನು ಕ್ಲೋರೈಡ್ ಅಯಾನುಗಳು ಭೇದಿಸುತ್ತವೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಮೇಲಿನ ಬಣ್ಣ ಉಬ್ಬಿ ಒಡೆಯುವುದು. ಅಲ್ಲಿಗೆ ಹೊಸ ಉಪ್ಪುನೀರಿಗೆ ಬಾಗಿಲು ತೆರೆದಂತಾಯಿತು.

ಇಲ್ಲೊಂದು ಕೌತುಕದ ಸಂಗತಿಯುಂಟು. ಚಳಿಯಿಂದ ಕಾಪಾಡಲೆಂದು ಕಾರನ್ನು ಬೆಚ್ಚಗಿನ ಗ್ಯಾರೇಜಿನೊಳಗೆ ನಿಲ್ಲಿಸುವವನು ಅದಕ್ಕೆ ಅಪಕಾರವನ್ನೇ ಮಾಡಬಹುದು! ಕೊರೆಯುವ ಚಳಿಯಲ್ಲಿ ತುಕ್ಕಿನ ಕ್ರಿಯೆ ಬಹು ಮಂದವಾಗಿರುತ್ತದೆ. ಬೆಚ್ಚಗಿನ ಕೋಣೆಯಲ್ಲಿ ಅಂಟಿಕೊಂಡ ಹಿಮ ಕರಗಿ, ಉಪ್ಪುನೀರು ತಗಡಿನ ಸಂದುಗಳಿಗೆಲ್ಲ ಇಳಿದು, ಉಷ್ಣತೆಯ ನೆರವಿನಿಂದ ಕ್ರಿಯೆ ಚುರುಕಾಗುವುದು. ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿ ಏರಿದರೆ ಸುಮಾರಾಗಿ ಇಮ್ಮಡಿಯಾಗುವುದೆಂಬ ಸ್ಥೂಲ ನಿಯಮವನ್ನು ವಿದ್ಯಾರ್ಥಿಗಳು ಓದಿಯೇ ಇರುವರು. ಗಾಳಿ ಒಣಗಿದ್ದರೆ ಅಡಿಗೆ ಉಪ್ಪು ಒಣಗಿ ಸುಮ್ಮನಾಗುತ್ತದೆ. ಗಾಳಿಯ ತೇವ ನೂರಕ್ಕೆ ೭೫ರಷ್ಟಾಗುವವರೆಗೆ ಅದು ನೀರಾಗದು. ಮೆಗ್ನೀಸಿಯಂ ಕ್ಲೋರೈಡಾದರೋ ೩೩ರಷ್ಟು ತೇವವಿದ್ದರೂ ಗಾಳಿಯಿಂದ ನೀರನ್ನು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ.

ಕಾರು ತಯಾರಿಸುವವರು ಇದಕ್ಕೆ ಹೂಡಿದ ಪ್ರತೀಕಾರಗಳಲ್ಲಿ ಮುಖ್ಯವಾದುದು ಸತುವಿನ ಲೇಪ. ಕಬ್ಬಿಣಕ್ಕಿಂತ ಸತುವು ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದರಿಂದ, ಲೇಪ ಗೀಚಿಹೋದರೂ ತಾನು ಮೊದಲು ಸವೆದು ಉಕ್ಕನ್ನು ಉಳಿಸುತ್ತದೆ. ಈ ತತ್ತ್ವ ಹಳೆಯದು: ಹಂಫ್ರಿ ಡೇವಿಯು ೧೮೨೪ರಲ್ಲಿಯೇ ಹಡಗುಗಳ ತಾಮ್ರದ ಕವಚವನ್ನು ಸತು, ಕಬ್ಬಿಣದ ತುಂಡುಗಳಿಂದ ರಕ್ಷಿಸಬಹುದೆಂದು ತೋರಿಸಿದ್ದನು. ಕಾರಿನ ಇಡೀ ಮೈಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹರಿಸಿ, ಮೂಲೆಮೂಲೆಗೂ ಲೇಪ ಹತ್ತುವಂತೆ ಮಾಡುವ ವಿಧಾನವೂ ಇದೆ.

ಒಡೆಯನು ಮಾಡಬೇಕಾದ ಕೆಲಸ ಇಷ್ಟರಿಂದ ತಪ್ಪುವುದಿಲ್ಲ. ಹೊರಗಿನ ಹೊಳಪನ್ನು ಉಜ್ಜುವವರೇ ಹೆಚ್ಚು. ಅಡಿಭಾಗವನ್ನು ತೊಳೆಯುವವರು ಕಡಿಮೆ. ಉಪ್ಪು ಬೆರೆತ ಕೆಸರು ಮಡ್‌ಗಾರ್ಡುಗಳ ಒಳಗೆ ಒದ್ದೆ ಪಟ್ಟಿಯಂತೆ ಅಂಟಿಕೊಂಡಿರುವುದು. ಚಳಿ ಸ್ವಲ್ಪ ಇಳಿದು ಉಷ್ಣತೆ ಸೊನ್ನೆಗಿಂತ ಮೇಲೇರಿದ ದಿನ ಅದನ್ನು ಧಾರಾಳವಾದ ಸಿಹಿನೀರಿನಿಂದ ತೊಳೆದು, ಬಾಗಿಲಿನ ಅಂಚುಗಳನ್ನು ಒರೆಸತಕ್ಕದ್ದು. ಇಲ್ಲವಾದರೆ ರಾತ್ರಿ ನೀರು ಹೆಪ್ಪುಗಟ್ಟಿ ಬೆಳಗ್ಗೆ ಬಾಗಿಲೇ ತೆರೆಯದು. ಬಾಗಿಲುಗಳ ತಳದಲ್ಲಿ ನೀರು ಬಸಿಯಲೆಂದು ಇಟ್ಟಿರುವ ಸಣ್ಣ ರಂಧ್ರಗಳು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಎಣ್ಣೆ ಅಥವಾ ಮೇಣದ ಲೇಪವನ್ನು ಚಳಿಗಾಲಕ್ಕೆ ಮೊದಲೇ, ಒಣಗಿದ ಶುದ್ಧವಾದ ಲೋಹದ ಮೇಲೆ ಬಳಿಯಬೇಕು. ಉಪ್ಪನ್ನು ಒಳಗೇ ಇಟ್ಟು ಮೇಲೆ ಲೇಪ ಹಚ್ಚಿದರೆ ಕಳ್ಳನನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿದಂತೆ.

ಇದು ಕೇವಲ ಅಂದಚಂದದ ಪ್ರಶ್ನೆಯಲ್ಲ. ಬ್ರೇಕಿನ ದ್ರವವನ್ನು ಗಾಲಿಗಳಿಗೆ ಒಯ್ಯುವ ಸಪೂರವಾದ ಉಕ್ಕಿನ ಕೊಳವೆಗಳು ಕಾರಿನ ತಳದಲ್ಲಿಯೇ ಸಾಗುತ್ತವೆ. ತುಕ್ಕಿನಿಂದ ಅವು ತೂತಾದರೆ, ಚಾಲಕನು ಬಲವಾಗಿ ತುಳಿದ ಗಳಿಗೆಯಲ್ಲಿಯೇ ಬ್ರೇಕು ಕೈಕೊಡಬಹುದು. ಉಪ್ಪು ಬಳಸುವ ಪ್ರಾಂತಗಳಲ್ಲಿ ಹಳೆಯ ಗಾಡಿಗಳನ್ನು ಉಳ್ಳವರು ಅಡಿಭಾಗವನ್ನು ತೊಳೆಸಿ ಈ ಕೊಳವೆಗಳನ್ನು ಪರೀಕ್ಷಿಸಿಕೊಳ್ಳಬೇಕೆಂದು ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯು ೨೦೧೫ರಲ್ಲಿ ಎಚ್ಚರಿಸಿತು. ಬ್ರೇಕಿನ ಪೆಡಲು ಎಂದಿಗಿಂತ ಆಳಕ್ಕೆ ಇಳಿಯುವುದು, ದ್ರವದ ಮಟ್ಟ ತಗ್ಗುವುದು, ಗಾಡಿ ನಿಂತ ಜಾಗದಲ್ಲಿ ದ್ರವ ತೊಟ್ಟಿಕ್ಕಿರುವುದು — ಇವು ಕಂಡಲ್ಲಿ ಗಾಡಿಯನ್ನು ಮುಂದಕ್ಕೆ ಓಡಿಸತಕ್ಕದ್ದಲ್ಲ.

ಹಿಮವನ್ನೇ ಕಾಣದ ನಮ್ಮ ಮಂಗಳೂರು, ಕಾರವಾರಗಳ ಜನರಿಗೂ ಇದು ಅಪರಿಚಿತ ವಿಷಯವಲ್ಲ. ಕಡಲಿನ ಗಾಳಿ ಹೊತ್ತು ತರುವ ಉಪ್ಪಿನ ಕಣಗಳೂ ಅದೇ ಕ್ಲೋರೈಡೇ. ಜೊತೆಗೆ ಕರಾವಳಿಯ ಸೆಕೆ ಮತ್ತು ತೇವ. ಅಮೆರಿಕದ ಕಾರಿಗೆ ವಸಂತದಲ್ಲಾದರೂ ಬಿಡುವುಂಟು. ಕಡಲಂಚಿನ ಊರಿನ ಕಾರಿನ ಮೇಲೆ ವರ್ಷವಿಡೀ ಉಪ್ಪು ಕೂರುತ್ತಲೇ ಇರುತ್ತದೆ.