ದಾಂಪತ್ಯದ ಒಂಟಿತನ ಮತ್ತು ಒಡಂಬಡಿಕೆ: ಜಪಾನಿನ ವಯಸ್ಕರ ಚಲನಚಿತ್ರಗಳ ಕುರಿತು ಒಂದು ಪರಾಮರ್ಶೆ

ವ್ಯಭಿಚಾರವು ಪಾಪವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ದಾಂಪತ್ಯದ್ರೋಹವು ಯಾವ ಗಳಿಗೆಯಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ವಿರಳವಾಗಿ ಕೇಳುತ್ತೇವೆ. ಈ ಪ್ರಶ್ನೆಯನ್ನು ಜಪಾನಿನ ವಯಸ್ಕರ ಚಲನಚಿತ್ರಗಳು ಅನಿರೀಕ್ಷಿತವಾಗಿ ನಮ್ಮ ಮುಂದಿಡುತ್ತವೆ.

1912ರಲ್ಲಿ ಸ್ಥಾಪನೆಗೊಂಡ ನಿಕ್ಕಾತ್ಸು ಚಿತ್ರಸಂಸ್ಥೆಯು, ಟೆಲಿವಿಷನ್ನಿನ ಹರಡುವಿಕೆಯಿಂದ ಪ್ರೇಕ್ಷಕರನ್ನು ಕಳೆದುಕೊಂಡಾಗ, 1971ರಲ್ಲಿ ‘ರೋಮನ್ ಪೋರ್ನೊ’ ಎಂಬ ಚಿತ್ರಮಾಲೆಯನ್ನು ಪ್ರಾರಂಭಿಸಿ 1988ರವರೆಗೆ ನಡೆಸಿತು. ಇವು ಅಲ್ಪ ವೆಚ್ಚದಲ್ಲಿ ತಯಾರಾದ, ಸುಮಾರು 70 ನಿಮಿಷಗಳ ಚಿತ್ರಗಳು. ನಿಶಿಮುರಾ ಶೋಗೊರೊ ನಿರ್ದೇಶಿಸಿದ ಮೊದಲ ಚಿತ್ರಗಳಲ್ಲೊಂದರ ನಾಯಕಿ ‘ದಾಂಚಿ’ಯಲ್ಲಿ ವಾಸಿಸುವ ಗೃಹಿಣಿ. ದಾಂಚಿಗಳೆಂದರೆ 1955ರಲ್ಲಿ ಸ್ಥಾಪಿತವಾದ ಜಪಾನ್ ವಸತಿ ನಿಗಮವು ನಗರದ ಅಂಚಿನಲ್ಲಿ ಸಾಲುಸಾಲಾಗಿ ಕಟ್ಟಿಸಿದಂಥ ಕಾಂಕ್ರೀಟ್ ವಸತಿಸಮುಚ್ಚಯಗಳು. ಗಂಡನ ಶಕ್ತಿಯೆಲ್ಲ ಉದ್ಯೋಗಕ್ಕೆ ಮೀಸಲು. ಹೆಂಡತಿಗೆ ಉಳಿಯುವುದು ದೀರ್ಘ ಮಧ್ಯಾಹ್ನಗಳು. ಆಕೆ ಪರಪುರುಷನ ಸಂಗಕ್ಕೆ ಒಳಗಾಗುತ್ತಾಳೆ. ಅದನ್ನರಿತ ನೆರೆಮನೆಯಾಕೆ ಬೆದರಿಸಿ ಅವಳನ್ನು ವೇಶ್ಯಾವೃತ್ತಿಗೆ ದೂಡುತ್ತಾಳೆ.

ಈ ಕಥೆಯ ಹಿನ್ನೆಲೆಯಲ್ಲಿ ಕಾನೂನಿನ ಇತಿಹಾಸವೂ ಇದೆ. ಜಪಾನಿನ ದಂಡಸಂಹಿತೆಯ 183ನೆಯ ಕಲಮಿನ ಪ್ರಕಾರ ವಿವಾಹಿತ ಸ್ತ್ರೀಯ ವ್ಯಭಿಚಾರವೂ ಅವಳ ಜೊತೆಗಾರನ ಕೃತ್ಯವೂ ದಂಡನಾರ್ಹವಾಗಿದ್ದವು. ಗಂಡನು ಅವಿವಾಹಿತ ಸ್ತ್ರೀಯೊಡನೆ ಸಂಬಂಧವಿರಿಸಿಕೊಂಡರೆ ಅಪರಾಧವಾಗುತ್ತಿರಲಿಲ್ಲ. ಆ ಕಲಮು 1947ರಲ್ಲಿ ರದ್ದಾಯಿತು. ಆದರೂ ಪರದೆಯ ಮೇಲೆ ಶಿಕ್ಷೆ ಅನುಭವಿಸುವವಳು ಹೆಚ್ಚಾಗಿ ಹೆಂಡತಿಯೇ.

ಇಲ್ಲಿ ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯವು ನೆನಪಾಗುತ್ತದೆ. ಯಾಜಕಕಾಂಡದ ನಿಯಮವು ಇಬ್ಬರನ್ನೂ ಹೊಣೆಗಾರರನ್ನಾಗಿಸಿದ್ದರೂ ಯೇಸುವಿನ ಮುಂದೆ ಎಳೆದು ತರಲ್ಪಟ್ಟವಳು ಸ್ತ್ರೀ ಮಾತ್ರ. ಯೇಸು ಪಾಪವನ್ನು ಹಗುರಗೊಳಿಸಲಿಲ್ಲ. ಆದರೆ ಮೊದಲು ದೂರುಗಾರರನ್ನು ತಮ್ಮ ಮನಸ್ಸಾಕ್ಷಿಯ ಕಡೆಗೆ ತಿರುಗಿಸಿದನು. ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ದಾಂಪತ್ಯದ ಋಣವನ್ನು ಗಂಡಹೆಂಡಿರಿಬ್ಬರ ಮೇಲೂ ಸಮಾನವಾಗಿ ಹೊರಿಸುತ್ತಾನೆ. ಆದ್ದರಿಂದ ಒಡಂಬಡಿಕೆಯು ಪರಪುರುಷನ ಕೋಣೆಯಲ್ಲಿ ಮಾತ್ರವಲ್ಲ, ಮಾತಿಲ್ಲದ ಊಟದ ಮೇಜಿನಲ್ಲಿಯೂ ಶಿಥಿಲವಾಗುತ್ತದೆ.

ಹಾಗೆಂದು ಈ ಚಿತ್ರಗಳನ್ನು ನಾವು ಪ್ರವಾದನೆಯೆಂದು ಭಾವಿಸಲಾರೆವು. ಅವು ಸ್ತ್ರೀಯ ಒಂಟಿತನವನ್ನು ಗುರುತಿಸಿದವು. ಗುರುತಿಸಿದ್ದನ್ನೇ ಮುಖ್ಯವಾಗಿ ಪುರುಷ ಪ್ರೇಕ್ಷಕರಿಗೆ ಮಾರಿದವು. ಅವಳ ನೋವು ನೋಡುವವನ ಸುಖವಾಯಿತು. ಮನೆಯಲ್ಲಿ ಗಂಡನ ಕಣ್ಣಿಗೆ ಬೀಳದವಳು ಚಿತ್ರಮಂದಿರದಲ್ಲಿ ಎಲ್ಲರ ಕಣ್ಣಿಗೆ ಗುರಿಯಾದಳು. ಎರಡೂ ಕಡೆ ಅವಳ ಮಾತನ್ನು ಕೇಳಿದವರಿಲ್ಲ.

ಸಭಾಪಾಲನೆಗೆ ಇದರಿಂದ ದೊರೆಯುವ ಪಾಠ ಸ್ಪಷ್ಟ. ದ್ರೋಹವು ಬಯಲಾದ ಬಳಿಕ ಶಿಸ್ತುಕ್ರಮಕ್ಕೆ ಮುಂದಾಗುವ ನಾವು, ಅದಕ್ಕೆ ಮೊದಲಿನ ಮೌನದ ವರುಷಗಳಲ್ಲಿ ಆ ಮನೆಯ ಬಾಗಿಲನ್ನು ತಟ್ಟಿದ್ದೆವೇ? ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ಕಂಡ ದೇವರು ವಿವಾಹವನ್ನು ಅನುಗ್ರಹಿಸಿದನು. ವಿವಾಹದೊಳಗೇ ಒಂಟಿಯಾದವರ ಮಾತಿಗೆ ಕಿವಿಗೊಡುವುದು ಪಶ್ಚಾತ್ತಾಪದ ಬೋಧನೆಗಿಂತ ಬೇರೆಯಾದ ಸೇವೆಯಲ್ಲ, ಅದರ ಮೊದಲ ಹೆಜ್ಜೆ.