ನಿಮಗಿದು ಗೊತ್ತೇ? ಅಣೆಕಟ್ಟಿನ ಒಡಲ ಬಿಸಿ ಮತ್ತು ಬರ್ಕ್ಲಿಯ ಪ್ರೊಫೆಸರರು

● ಸಿಮೆಂಟಿಗೆ ನೀರು ಸೇರಿದೊಡನೆ ಬಿಸಿ ಹುಟ್ಟುತ್ತದೆ. ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿರುವ ಪ್ರತಿ 100 ಕಿಲೋ ಸಿಮೆಂಟು ಅದರ ಉಷ್ಣತೆಯನ್ನು ಸುಮಾರು 10ರಿಂದ 12 ಡಿಗ್ರಿ ಸೆಲ್ಸಿಯಸ್ ಏರಿಸಬಲ್ಲದು. ಮನೆಯ ತಾರಸಿ ತೆಳುವಾದ್ದರಿಂದ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಹತ್ತಾರು ಮೀಟರ್ ದಪ್ಪದ ಅಣೆಕಟ್ಟಿನಲ್ಲಿ ಅದಕ್ಕೆ ಹೊರಬರುವ ದಾರಿಯೇ ಇಲ್ಲ. ತಟ್ಟೆಗೆ ಬಡಿಸಿದ ರಾಗಿಮುದ್ದೆಯ ಹಾಗೆ ಮೇಲೆ ಆರಿರುತ್ತದೆ, ಒಳಗೆ ಸುಡುತ್ತಿರುತ್ತದೆ. ಹೊರಮೈ ಕುಗ್ಗಲು ಹೊರಡುತ್ತದೆ, ಉಬ್ಬಿರುವ ಒಳಭಾಗ ಅದನ್ನು ಬಿಡುವುದಿಲ್ಲ. ಬಿರುಕು ಬೀಳುವುದು ಈ ಜಗ್ಗಾಟದಲ್ಲಿ. ನೀರು ತಡೆಯಬೇಕಾದ ಗೋಡೆಗೆ ಬಿರುಕಿಗಿಂತ ದೊಡ್ಡ ಕೇಡು ಇನ್ನೇನಿದೆ?

● ಕಾಂಕ್ರೀಟಿನ ದಪ್ಪ ಎರಡು ಪಟ್ಟಾದರೆ ಅದು ತಣಿಯಲು ಬೇಕಾದ ಕಾಲ ನಾಲ್ಕು ಪಟ್ಟಾಗುತ್ತದೆ. ದಪ್ಪ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು.

● ಅಮೆರಿಕದ ಕೊಲರಾಡೊ ನದಿಗೆ ಕಟ್ಟಿದ ಹೂವರ್ ಅಣೆಕಟ್ಟಿನ ಎತ್ತರ 221 ಮೀಟರ್. ಒಂದೇ ಸಲಕ್ಕೆ ಸುರಿದು ಹಾಗೆಯೇ ಬಿಟ್ಟಿದ್ದರೆ ಅದು ಪೂರ್ತಿ ತಣಿಯಲು 125 ವರ್ಷ ಬೇಕಾಗುತ್ತಿತ್ತು ಎಂಬುದು ಕಟ್ಟಿಸಿದ ಇಲಾಖೆಯದೇ ಲೆಕ್ಕ. ಆದ್ದರಿಂದ 1933ರ ಜೂನ್‌ನಿಂದ 1935ರ ಮೇ ತಿಂಗಳವರೆಗೆ ಕಾಂಕ್ರೀಟನ್ನು ದೈತ್ಯ ಕಂಬಗಳಂಥ ಬಿಡಿ ಅಚ್ಚುಗಳಲ್ಲಿ, ಒಂದು ಸಲಕ್ಕೆ 5 ಅಡಿ ಎತ್ತರ ಮೀರದಂತೆ ತುಂಬುತ್ತಾ ಹೋದರು. ಪ್ರತಿ ಪದರದಲ್ಲೂ ಒಂದಿಂಚಿನ ಉಕ್ಕಿನ ಕೊಳವೆ ಹೂತು, ಮೊದಲು ನದಿಯ ನೀರನ್ನು, ಆಮೇಲೆ ಯಂತ್ರದಲ್ಲಿ ತಣಿಸಿದ ನೀರನ್ನು ಹರಿಸಿದರು. ಹೀಗೆ ಹೂತ ಕೊಳವೆಗಳ ಒಟ್ಟು ಉದ್ದ 930 ಕಿಲೋಮೀಟರಿಗೂ ಹೆಚ್ಚು! ಕಂಬಗಳು ತಣಿದು ಕುಗ್ಗಿದ ಮೇಲೆ ನಡುವಿನ ಸಂದುಗಳಿಗೆ ಸಿಮೆಂಟು ಹಾಲು ಒತ್ತಿ ತುಂಬಿ ಎಲ್ಲವನ್ನೂ ಒಂದಾಗಿಸಿದರು. ಕೊನೆಗೆ ಕೊಳವೆಗಳನ್ನೂ ಹಾಗೆಯೇ ಮುಚ್ಚಿದರು.

● ಆ ಅಣೆಕಟ್ಟಿನೊಳಗೆ ಕಾರ್ಮಿಕರ ಶವಗಳು ಹೂತುಹೋಗಿವೆ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಅದು ಸುಳ್ಳು. ಒಂದೊಂದು ಬಕೆಟ್ ಸುರಿದಾಗಲೂ ಅಚ್ಚಿನೊಳಗಿನ ಮಟ್ಟ ಏರುತ್ತಿದ್ದುದು ಕೆಲವೇ ಇಂಚು. ಕೆಲಸದಲ್ಲಿ ಜೀವ ಕಳೆದುಕೊಂಡವರು ಅನೇಕರು, ಆದರೆ ಕಾಂಕ್ರೀಟಿನೊಳಗೆ ಯಾರೂ ಇಲ್ಲ.

● ಹೂವರ್‌ಗೆ ಎಂಥ ಸಿಮೆಂಟು ತಕ್ಕದ್ದು ಎಂಬ ಪರೀಕ್ಷೆಗಳ ದೊಡ್ಡ ಪಾಲು ನಡೆದದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ, ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್ ರೇಮಂಡ್ ಡೇವಿಸ್ ಅವರ ಪ್ರಯೋಗಾಲಯದಲ್ಲಿ. ಸಿಮೆಂಟಿನ ಘಟಕಗಳಲ್ಲಿ ಕೆಲವು ಬೇಗ ಗಟ್ಟಿಯಾಗಿ ಹೆಚ್ಚು ಬಿಸಿ ಕೊಡುತ್ತವೆ. ಟ್ರೈಕ್ಯಾಲ್ಸಿಯಂ ಸಿಲಿಕೇಟ್, ಟ್ರೈಕ್ಯಾಲ್ಸಿಯಂ ಅಲ್ಯುಮಿನೇಟ್ ಈ ಗುಂಪಿನವು. ಡೈಕ್ಯಾಲ್ಸಿಯಂ ಸಿಲಿಕೇಟ್ ನಿಧಾನಿ, ಬಿಸಿಯೂ ಕಡಿಮೆ. ಮೊದಲಿನವನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸಿದಾಗ ಕಡಿಮೆ ಶಾಖದ ಸಿಮೆಂಟು ಸಿದ್ಧವಾಯಿತು. ಡೇವಿಸ್ ಮತ್ತು ಸಂಗಡಿಗರು ಇದನ್ನೆಲ್ಲ 1933ರಲ್ಲೇ ಪ್ರಕಟಿಸಿದರು. ಬರ್ಕ್ಲಿಯಲ್ಲಿ ಡೇವಿಸ್ ಹಾಲ್ ಎಂಬ ಕಟ್ಟಡ ಇಂದೂ ಅವರ ಹೆಸರು ಹೊತ್ತಿದೆ.

● ಕಾಂಕ್ರೀಟಿನ ಹೊಟ್ಟೆಯೊಳಗೆ ಏನಾಗುತ್ತಿದೆ ಎಂದು ತಿಳಿಯುವುದು ಹೇಗೆ? ಡೇವಿಸ್ ಅವರ ಜೊತೆ ಕೆಲಸ ಮಾಡಿದ ರಾಯ್ ಕಾರ್ಲ್‌ಸನ್ ಅದಕ್ಕೊಂದು ಮೀಟರ್ ಕಂಡುಹಿಡಿದರು. ಅದರೊಳಗೆ ಉಕ್ಕಿನ ಸಣ್ಣ ತಂತಿಗಳ ಎರಡು ಸುರುಳಿ. ಕಾಂಕ್ರೀಟು ಹಿಗ್ಗಿದರೆ ಒಂದರ ಬಿಗಿ ಹೆಚ್ಚುತ್ತದೆ, ಇನ್ನೊಂದರದು ಸಡಿಲುತ್ತದೆ. ಎರಡರ ವಿದ್ಯುತ್ ರೋಧಗಳ ಅನುಪಾತ ಹಿಗ್ಗು-ಕುಗ್ಗನ್ನು ಹೇಳಿದರೆ, ಅವುಗಳ ಮೊತ್ತ ಉಷ್ಣತೆಯನ್ನು ಹೇಳುತ್ತದೆ. ಎಷ್ಟು ಸರಳ, ಎಷ್ಟು ಜಾಣತನದ ಸಾಧನ!

● ಪರೀಕ್ಷೆಗೆಂದೇ ಕಟ್ಟಿದ ಅಣೆಕಟ್ಟೂ ಉಂಟು. 1926ರಲ್ಲಿ ಕ್ಯಾಲಿಫೋರ್ನಿಯಾದ ಸ್ಟೀವನ್ಸನ್ ಕ್ರೀಕ್ ಎಂಬ ಹಳ್ಳಕ್ಕೆ 60 ಅಡಿ ಎತ್ತರದ, ಮೇಲ್ಭಾಗದಲ್ಲಿ ಬರೀ 2 ಅಡಿ ದಪ್ಪದ ಕಮಾನು ಕಟ್ಟಿ, ನೀರು ತುಂಬಿದಾಗ ಅದು ಎಷ್ಟು ಬಾಗುತ್ತದೆಂದು ಅಳೆದರು.

● ಹೂವರ್‌ನ ಕಾಂಕ್ರೀಟಿಗೆ ಹಾಕಿದ ಅತಿ ದೊಡ್ಡ ಕಲ್ಲಿನ ಗಾತ್ರ 9 ಇಂಚು. ಮನೆ ಕೆಲಸಕ್ಕೆ ನಾವು ತರಿಸುವ ಜಲ್ಲಿ ಮುಕ್ಕಾಲು ಇಂಚಿನದು. ಕಲ್ಲು ದೊಡ್ಡದಾದಷ್ಟೂ ಸಂದು ಕಡಿಮೆ, ಸಂದು ಕಡಿಮೆಯಾದಷ್ಟೂ ಸಿಮೆಂಟು ಕಡಿಮೆ, ಸಿಮೆಂಟು ಕಡಿಮೆಯಾದಷ್ಟೂ ಬಿಸಿ ಕಡಿಮೆ.

● ಗುರುತ್ವ ಅಣೆಕಟ್ಟಿನ ಒಡಲಲ್ಲಿ ಕಬ್ಬಿಣದ ಸರಳುಗಳು ಬಹುತೇಕ ಇರುವುದಿಲ್ಲ. ನೀರಿನ ನೂಕಿಗೆ ಎದುರಾಗಿ ನಿಲ್ಲುವುದು ಅದರ ತೂಕವೇ. ನಮ್ಮ ಉತ್ತರ ಕನ್ನಡದ ಜೋಯಿಡಾದಲ್ಲಿ ಕಾಳಿಗೆ ಅಡ್ಡ ನಿಂತಿರುವ 101 ಮೀಟರ್ ಎತ್ತರದ ಸೂಪಾ ಈ ಜಾತಿಯದು.

● ಕಲ್ಲಿದ್ದಲು ಸುಟ್ಟಾಗ ಚಿಮಣಿಯಿಂದ ಏಳುವ ಹಾರುಬೂದಿಯನ್ನು ಸಿಮೆಂಟಿನ ಜೊತೆ ಬೆರೆಸಬಹುದು ಎಂದು ವಿವರವಾಗಿ ತೋರಿಸಿದವರೂ ಡೇವಿಸ್ ತಂಡದವರೇ. ವರ್ಷ 1937. ಸಿಮೆಂಟು ಗಟ್ಟಿಯಾಗುವಾಗ ಒಂದಷ್ಟು ಸುಣ್ಣ ಉಳಿದುಬಿಡುತ್ತದೆ. ಬೂದಿಯಲ್ಲಿರುವ ಸಿಲಿಕಾ ನಿಧಾನವಾಗಿ ಆ ಸುಣ್ಣದೊಡನೆ ಕೂಡಿ ಹೊಸ ಅಂಟಾಗುತ್ತದೆ. ಬಿಸಿ ಕಡಿಮೆ, ಕೊನೆಗೆ ಸಿಗುವ ಬಲ ಮಾತ್ರ ಕಡಿಮೆಯಲ್ಲ. ಮೊಂಟಾನಾದ ಹಂಗ್ರಿ ಹಾರ್ಸ್ ಅಣೆಕಟ್ಟಿಗೆ ಸುಮಾರು 1,20,000 ಟನ್ ಹಾರುಬೂದಿ ಹೋಯಿತು. ಅದು ಪೂರ್ತಿಯಾದದ್ದು 1953ರಲ್ಲಿ.

● ಅದೇ 1953ರಲ್ಲಿ ನಮ್ಮ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಅದನ್ನು ಕಟ್ಟಿದ್ದು ಕಲ್ಲು ಮತ್ತು ಸುರ್ಕಿ ಗಾರೆಯಿಂದ. ಅದಕ್ಕೂ ಮುಂಚೆ, 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯಲ್ಲೂ ವಿಶ್ವೇಶ್ವರಯ್ಯನವರು ನೆಚ್ಚಿದ್ದು ಸುರ್ಕಿಯನ್ನೇ. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆ. ಸುಟ್ಟ ಮಣ್ಣಿನ ಸಿಲಿಕಾ ಸುಣ್ಣದೊಡನೆ ಕೂಡುವ ಕ್ರಿಯೆಯೂ, ಹಾರುಬೂದಿ ಸುಣ್ಣದೊಡನೆ ಕೂಡುವ ಕ್ರಿಯೆಯೂ ಒಂದೇ ಬಗೆಯವು. ನಮ್ಮ ಗಾರೆ ಕೆಲಸದವರ ಕೈಯಲ್ಲಿದ್ದ ಈ ತಿಳಿವಳಿಕೆಯನ್ನು ಹಳೆಯ ಕಾಲದ್ದೆಂದು ತಳ್ಳಿಹಾಕುವವರು ಡೇವಿಸ್ ಅವರ ಲೇಖನಗಳನ್ನು ಒಮ್ಮೆ ಓದಬೇಕು.

● ಗಟ್ಟಿಯಾಗಿ ವರ್ಷಗಳಾದ ಮೇಲೂ ಕಾಂಕ್ರೀಟು ಉಬ್ಬಿ ಒಡೆಯಬಹುದು. ಸಿಮೆಂಟಿನ ಕ್ಷಾರ ಕೆಲವು ಜಾತಿಯ ಜಲ್ಲಿಯ ಸಿಲಿಕಾ ಜೊತೆ ಸೇರಿ ಜೆಲ್ ಆಗುತ್ತದೆ, ಆ ಜೆಲ್ ನೀರು ಕುಡಿದು ಊದಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ಥಾಮಸ್ ಸ್ಟ್ಯಾಂಟನ್ ಇದನ್ನು 1940ರಲ್ಲಿ ಪತ್ತೆ ಹಚ್ಚಿದರು. ನಮ್ಮ ದೇಶದ ಹಿರಾಕುಡ್ ಮತ್ತು ರಿಹಂದ್ ಅಣೆಕಟ್ಟುಗಳೆರಡಕ್ಕೂ ಈ ರೋಗ ತಟ್ಟಿದೆ. ತಕ್ಕಷ್ಟು ಹಾರುಬೂದಿ ಬೆರೆಸುವುದು ಇದಕ್ಕೂ ಒಂದು ತಡೆ.

● ಈಗ ಮುಖ್ಯ ಕಥೆಗೆ ಬರೋಣ. ಜೆರೋಮ್ ರಾಫೆಲ್ ಕೂಡ ಬರ್ಕ್ಲಿಯ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರೇ. ಉತ್ತರ ಕ್ಯಾಲಿಫೋರ್ನಿಯಾದ ಶಾಸ್ತಾ ಅಣೆಕಟ್ಟಿನೊಳಗೆ ಒತ್ತಡಗಳು ವರ್ಷ ವರ್ಷಕ್ಕೆ ಹೇಗೆ ಬೆಳೆದವೆಂದು 1953ರಲ್ಲೇ ಬರೆದಿದ್ದರು. 1970ರಲ್ಲಿ ಅಸಿಲೊಮಾರ್ ಎಂಬಲ್ಲಿ ಅಣೆಕಟ್ಟುಗಳನ್ನು ಬೇಗ ಕಟ್ಟುವ ಬಗೆಯ ಕುರಿತು ಸಮ್ಮೇಳನ ಸೇರಿತು. ಅಲ್ಲಿ ಅವರು ಎತ್ತಿದ ವಿಚಾರ ಇದು: ಮಣ್ಣಿನ ಏರಿಯನ್ನು ಯಂತ್ರಗಳಿಂದ ಬೇಗ, ಅಗ್ಗವಾಗಿ ಕಟ್ಟಬಹುದು. ಆದರೆ ಅದಕ್ಕೆ ಬೆಟ್ಟದಷ್ಟು ಮಣ್ಣು ಬೇಕು, ಮೇಲೆ ನೀರು ಹರಿದರೆ ಕೊಚ್ಚಿಹೋಗುತ್ತದೆ. ಕಾಂಕ್ರೀಟಿನದಕ್ಕೆ ಸಾಮಗ್ರಿ ಕಡಿಮೆ ಸಾಕು. ಆದರೆ ಅಚ್ಚು ಕಟ್ಟು, ಸುರಿ, ತಣಿಸು, ಕಾಯಿ ಎಂದು ವರ್ಷಗಳು ಹೋಗುತ್ತವೆ. ಎರಡರ ನಡುವೆ ಒಂದು ದಾರಿ ಇರಲೇಬೇಕಲ್ಲವೇ? ನದಿಪಾತ್ರದ ಗರಸು ಜಲ್ಲಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಮಣ್ಣಿನ ಕೆಲಸದ ಯಂತ್ರಗಳಿಂದಲೇ ಹರಡಿ, ಅದುಮಿ ಗಟ್ಟಿ ಮಾಡಿದರೆ? ಆ ಸ್ವಲ್ಪ ಸಿಮೆಂಟಿನಿಂದಲೇ ಜಾರದೆ ನಿಲ್ಲುವ ಬಲ ಬರುತ್ತದೆ, ಆದ್ದರಿಂದ ಮಣ್ಣಿನ ಏರಿಯಷ್ಟು ಅಗಲ ಬೇಕಾಗುವುದಿಲ್ಲ.

ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟವರು ಮೊದಲೂ ಇದ್ದರು. ಇಟಲಿಯ ಆಲ್ಪೆ ಜೆರಾದಲ್ಲಿ 1960ರ ದಶಕದ ಮೊದಲಲ್ಲೇ ಕಾಂಕ್ರೀಟನ್ನು ಲಾರಿಗಳಲ್ಲಿ ತಂದು ಅಗಲ ಪದರಗಳಾಗಿ ಹರಡಿದ್ದರು. ಟೆನೆಸೀ ವ್ಯಾಲಿ ಅಥಾರಿಟಿಯ ರಾಬರ್ಟ್ ಕ್ಯಾನನ್ 1972ರಲ್ಲಿ ಇದನ್ನು ಮುಂದಕ್ಕೆ ಒಯ್ದರು. ಆದರೂ ಅಣೆಕಟ್ಟಿನ ಆಕಾರ, ಸಾಮಗ್ರಿ, ಕಟ್ಟುವ ವೇಗ ಮೂರನ್ನೂ ಒಂದೇ ಲೆಕ್ಕದೊಳಗೆ ತಂದು ಯೋಚಿಸಿದ್ದರಲ್ಲಿ ರಾಫೆಲ್ ಅವರ ಹಿರಿಮೆ ಇದೆ ಎಂದು ನನ್ನ ದೃಢ ಅಭಿಪ್ರಾಯ. ರೋಲರ್ ಹಾಯಿಸಿ ಕಟ್ಟುವ ಇಂದಿನ ಅಣೆಕಟ್ಟುಗಳ ಬೇರು ಅಲ್ಲಿದೆ.

● ಈ ಕಾಂಕ್ರೀಟು ಎಷ್ಟು ಒಣಗಿರುತ್ತದೆಂದರೆ ಅದರ ಮೇಲೆ ಹತ್ತು ಟನ್ನಿನ ರೋಲರ್ ಓಡುತ್ತದೆ. ಸಾಮಾನ್ಯವಾಗಿ ಒಂದು ಪದರ 30 ಸೆಂಟಿಮೀಟರ್. ನೀರು ಹೆಚ್ಚಾದರೆ ರೋಲರ್ ಹೂತುಹೋಗುತ್ತದೆ, ಕಡಿಮೆಯಾದರೆ ಪದರದೊಳಗೆ ಪೊಳ್ಳು ಉಳಿಯುತ್ತದೆ.

● ಪಾಕಿಸ್ತಾನದ ತರ್ಬೇಲಾ ಅಣೆಕಟ್ಟಿನಲ್ಲಿ 1974ರಲ್ಲಿ ಮೊದಲ ಸಲ ನೀರು ತುಂಬುವಾಗ ಒಂದು ಸುರಂಗ ಕುಸಿಯಿತು. ಕೊಚ್ಚಿಹೋದ ಜಾಗವನ್ನು ಬೇಗ ತುಂಬಲು ಬಳಕೆಯಾದದ್ದು ಈ ರೋಲರ್ ಕಾಂಕ್ರೀಟೇ: 42 ದಿನಗಳಲ್ಲಿ ಸುಮಾರು 3,50,000 ಘನ ಮೀಟರ್.

● ಅಮೆರಿಕದ ಆರೆಗಾನ್ ರಾಜ್ಯದ ಹೆಪ್ನರ್ ಪುಟ್ಟ ಊರು. 1903ರ ಜೂನ್ 14ರಂದು ನುಗ್ಗಿದ ದಿಢೀರ್ ಪ್ರವಾಹಕ್ಕೆ ಅಲ್ಲಿ 240ಕ್ಕೂ ಹೆಚ್ಚು ಜನ ಬಲಿಯಾದರು. ಆ ಊರನ್ನು ಕಾಯಲು ಅದರ ನೆತ್ತಿಯ ಮೇಲೆಯೇ 1982ರಲ್ಲಿ ಕಟ್ಟಿದ ವಿಲೋ ಕ್ರೀಕ್, ಪೂರ್ತಿಯಾಗಿ ರೋಲರ್ ಕಾಂಕ್ರೀಟಿನಿಂದಲೇ ಆದ ಜಗತ್ತಿನ ಮೊದಲ ಅಣೆಕಟ್ಟು. ಐದು ತಿಂಗಳೊಳಗೆ 3,30,000 ಘನ ಮೀಟರ್ ಹಾಕಿ ಮುಗಿಸಿದರು. ಒಡಲಿನ ಪ್ರತಿ ಘನ ಮೀಟರಿಗೆ ಹಾಕಿದ ಸಿಮೆಂಟು ಎಷ್ಟು ಗೊತ್ತೇ? ಬರೀ 47 ಕಿಲೋ, ಜೊತೆಗೆ 19 ಕಿಲೋ ಹಾರುಬೂದಿ. ಸಿಮೆಂಟು ನಮ್ಮ 50 ಕಿಲೋ ಮೂಟೆ ಒಂದಕ್ಕಿಂತಲೂ ಕಡಿಮೆ!

● ಆದರೆ ವಿಲೋ ಕ್ರೀಕ್ ಸೋರಿತು. ಪದರ ಪದರಗಳ ನಡುವಿಂದ ನಿಮಿಷಕ್ಕೆ ಸಾವಿರಾರು ಲೀಟರ್ ನೀರು ಬಂದು, ಸಿಮೆಂಟು ಹಾಲು ತುಂಬಿ ತಡೆಯಬೇಕಾಯಿತು. ಅಣೆಕಟ್ಟಿನ ಭದ್ರತೆಗೆ ಧಕ್ಕೆ ಬರಲಿಲ್ಲವಾದರೂ, ಒಂದು ಪದರ ಆರುವ ಮುಂಚೆ ಮುಂದಿನದನ್ನು ಹಾಕಬೇಕು, ತಡವಾದರೆ ನಡುವೆ ಗಾರೆ ಬಳಿಯಬೇಕು ಎಂಬ ಶಿಸ್ತು ಅಲ್ಲಿಂದ ಮುಂದೆ ಬಿಗಿಯಾಯಿತು.

● ಭಾರತದ ಮೊದಲ ರೋಲರ್ ಕಾಂಕ್ರೀಟ್ ಅಣೆಕಟ್ಟುಗಳು ಎದ್ದದ್ದು ನೆರೆಯ ಮಹಾರಾಷ್ಟ್ರದ ಘಾಟ್‌ಘರ್‌ನಲ್ಲಿ. ಇಥಿಯೋಪಿಯಾ 2025ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದ, ನೀಲಿ ನೈಲ್ ನದಿಯ 145 ಮೀಟರ್ ಎತ್ತರದ ಮಹಾ ಅಣೆಕಟ್ಟೂ ಇದೇ ವಿಧಾನದ್ದು.

● ಬರ್ಕ್ಲಿಯ ಇನ್ನೊಬ್ಬ ಪ್ರೊಫೆಸರ್ ಅನಿಲ್ ಚೋಪ್ರಾ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾದಲ್ಲಿ ಭೂಮಿ ನಡುಗಿತು. ಕರಾಡದಲ್ಲಿ ಕೃಷ್ಣೆಯನ್ನು ಸೇರಿ ನಮ್ಮ ಆಲಮಟ್ಟಿಗೆ ನೀರು ತರುವ ನದಿ ಕೊಯ್ನಾ. ಅದಕ್ಕೆ ಕಟ್ಟಿದ 103 ಮೀಟರ್ ಎತ್ತರದ ಅಣೆಕಟ್ಟಿನ ಎರಡೂ ಮುಖಗಳಲ್ಲಿ ಅಡ್ಡ ಬಿರುಕುಗಳು ಬಿದ್ದವು. ಬಿದ್ದದ್ದು, ಹಿಂಬದಿಯ ಇಳಿಜಾರು ಥಟ್ಟನೆ ಬದಲಾಗುವ ಮಟ್ಟದ ಸುತ್ತಮುತ್ತ. ಕಂಪಿಸುವಾಗ ಅಲ್ಲಿ ಹುಟ್ಟಿದ ಎಳೆತ ಕಾಂಕ್ರೀಟು ತಾಳುವ ಮಿತಿ ಮೀರಿತ್ತೆಂದು ಚೋಪ್ರಾ ಮತ್ತು ಚಕ್ರವರ್ತಿ 1973ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಭೂಕಂಪವನ್ನು ಒಂದು ಸ್ಥಿರ ನೂಕು ಎಂದು ಭಾವಿಸಿ ವಿನ್ಯಾಸ ಮಾಡುವ ಹಳೆಯ ಪದ್ಧತಿ ಸಾಲದು ಎಂಬುದಕ್ಕೆ ಕೊಯ್ನಾ ಜಗತ್ತಿಗೇ ಸಾಕ್ಷಿಯಾಯಿತು.

● ಆ ಮಿತಿಯನ್ನು ನಿರ್ಧರಿಸುವುದು ಹೇಗೆ? ಮತ್ತೆ ರಾಫೆಲ್ ಬರುತ್ತಾರೆ. ಸಾವಿರಾರು ಪರೀಕ್ಷೆಗಳ ಫಲಿತಾಂಶಗಳನ್ನು ಜೋಡಿಸಿ, ಕ್ಷಣಮಾತ್ರದ ಭೂಕಂಪದ ಎಳೆತವನ್ನು ಕಾಂಕ್ರೀಟು ನಿಧಾನದ ಎಳೆತಕ್ಕಿಂತ ಸುಮಾರು ಒಂದೂವರೆ ಪಟ್ಟು ತಾಳುತ್ತದೆ ಎಂದು 1984ರಲ್ಲಿ ತೋರಿಸಿದರು. ಹಳೆಯ ಅಣೆಕಟ್ಟುಗಳ ಭದ್ರತೆ ಅಳೆಯುವವರು ಇಂದಿಗೂ ಆ ಲೇಖನವನ್ನು ನೆನೆಯುತ್ತಾರೆ.

● ಕೊನೆಯದು ಮನೆ ಕಟ್ಟಿಸುವವರಿಗೆ. ಅಂಗಡಿಯಲ್ಲಿ ಪಿಪಿಸಿ ಎಂದು ಸಿಗುವ ಸಿಮೆಂಟಿನಲ್ಲಿ ಸಾಮಾನ್ಯವಾಗಿ ಇರುವುದು ಇದೇ ಹಾರುಬೂದಿ. ಅದು ಕೆಲಸ ಮಾಡುವುದು ನಿಧಾನವಾಗಿ, ಅದೂ ತೇವ ಇರುವವರೆಗೆ ಮಾತ್ರ. ಭಾರತೀಯ ಮಾನಕ ಐಎಸ್ 456ರ ಪ್ರಕಾರ ಅದಕ್ಕೆ ಕಡಿಮೆಯೆಂದರೂ 10 ದಿನ ಕ್ಯೂರಿಂಗ್ ಬೇಕು. ಬಿಸಿಲು ನಾಡಿನಲ್ಲಿ 14 ದಿನ ಮಾಡುವುದು ಒಳ್ಳೆಯದು. ಮೂರು ದಿನ ನೀರು ಹೊಡೆದು ಸಾಕೆಂದು ಮೇಸ್ತ್ರಿ ಹೇಳಿದರೆ ದಯವಿಟ್ಟು ಒಪ್ಪಬೇಡಿ.