ಯಂತ್ರಮಾನವನಿಗೆ ಅಡಿಕೆ ತೋಟದ ಪಾಠ



ಹಳಿಯಾಳ, ಮುಂಡಗೋಡದ ಬಯಲಿನಲ್ಲಿ ಭತ್ತ ತೂರಿದವರಿಗೆ ಕಾಳು ಯಾವುದು, ಜೊಳ್ಳು ಯಾವುದು ಎಂದು ಯಾರೂ ಕಲಿಸಬೇಕಾಗಿಲ್ಲ. ಅದೇ ವಿವೇಕವನ್ನು ಒಂದು ಯಂತ್ರಕ್ಕೆ ಕಲಿಸಲು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಿದ್ದೆಗೆಟ್ಟ ಸಂಗತಿಯನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ.

ರೋಬೋಕಾನ್ ಎಂಬ ಏಷ್ಯಾ-ಪೆಸಿಫಿಕ್ ವಿದ್ಯಾರ್ಥಿ ಸ್ಪರ್ಧೆ 2002ರಲ್ಲಿ ಟೋಕಿಯೋದಲ್ಲಿ ಆರಂಭವಾಯಿತು. ನಮ್ಮಲ್ಲಿ ದೂರದರ್ಶನದ ಹೆಸರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆ ನಡೆದು, ಗೆದ್ದ ತಂಡ ಅಲ್ಲಿಗೆ ಹೋಗುತ್ತದೆ. ಪ್ರತಿ ವರ್ಷ ಆತಿಥೇಯ ದೇಶ ಹೊಸದೊಂದು ಕೆಲಸ ಗೊತ್ತುಪಡಿಸುತ್ತದೆ. 2024ರಲ್ಲಿ ವಿಯೆಟ್ನಾಮ್ ಸುಗ್ಗಿಯನ್ನೇ ವಿಷಯವಾಗಿ ಕೊಟ್ಟಿತು. ಸಸಿ ನೆಟ್ಟು, ಬೆಳೆ ಎತ್ತಿ, ಕಣಜ ತುಂಬಬೇಕು. ಎಲ್ಲವೂ ಮೂರು ನಿಮಿಷದೊಳಗೆ. ಸಸಿಯೆಂದರೆ ಕೊಳವೆಯ ತುಂಡು. ಭತ್ತವೆಂದರೆ ಬಣ್ಣದ ಚೆಂಡು. ನೇರಳೆ ಚೆಂಡೇ ಜೊಳ್ಳು. ತಂಡಕ್ಕೆ ಎರಡು ಯಂತ್ರ. ಮೊದಲನೆಯದನ್ನು ಮನುಷ್ಯ ನಡೆಸಬಹುದಿತ್ತು. ಕಣಜ ತುಂಬುವ ಎರಡನೆಯದು ಮಾತ್ರ ತಾನೇ ನೋಡಿ, ತಾನೇ ಆರಿಸಿ, ತಾನೇ ಹಾಕಬೇಕಿತ್ತು.

ಯಂತ್ರಕ್ಕೆ ಕಣ್ಣೆಂದರೆ ಕ್ಯಾಮರಾ, ಮಿದುಳೆಂದರೆ ಪುಟ್ಟ ಗಣಕಯಂತ್ರ, ಕೈಕಾಲೆಂದರೆ ಮೋಟಾರು. ಬೆಳಕು ಬದಲಾದರೆ ಕ್ಯಾಮರಾಕ್ಕೆ ಕಾಣುವ ಬಣ್ಣವೂ ಬದಲಾಗುತ್ತದೆ. ಚಕ್ರ ಕೊಂಚ ಜಾರಿದರೆ ದಾರಿಯ ಲೆಕ್ಕ ತಪ್ಪುತ್ತದೆ. ಸಮತಟ್ಟಾದ ಅಂಕಣದಲ್ಲೇ ಇಷ್ಟು ಪಾಡು. ಜೋಯಿಡಾದ ಇಳಿಜಾರು ತೋಟದಲ್ಲಿ ಬಸಿಗಾಲುವೆ, ಸೊಪ್ಪಿನ ಹೊದಿಕೆ, ಬಿಸಿಲು ನೆರಳಿನ ಆಟ ಇವುಗಳ ನಡುವೆ ಅದರ ಗತಿಯೇನು?

ಹಾಗೆಂದು ನಗುವ ಸ್ಥಿತಿಯಲ್ಲಿ ನಾವಿಲ್ಲ. ನಮ್ಮ ತೋಟದಲ್ಲಿ ಮೂವತ್ತು ವರ್ಷ ಕೊನೆ ಕೊಯ್ದವರೊಬ್ಬರು ಒಂದು ಮಳೆಗಾಲದಲ್ಲಿ ಬೋರ್ಡೋ ಹೊಡೆಯುವಾಗ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡರು. "ಹೆಗಡೇರೇ, ಮಗನಿಗೆ ಈ ಕೆಲಸ ಬೇಡ" ಎಂದರು. ನಾವು ಮರುಮಾತಾಡಲಿಲ್ಲ. ಮಗ ಪೇಟೆ ಸೇರಿದ. ಅದು ತಪ್ಪೂ ಅಲ್ಲ. ಆದರೆ ಸಕಾಲಕ್ಕೆ ಔಷಧ ಬೀಳದಿದ್ದರೆ ಕೊಳೆರೋಗ ಕಾಯುವುದಿಲ್ಲ.

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಕೊಯ್ಯಬಹುದು. ಎತ್ತರದ ಮರಕ್ಕೆ ಅದಕ್ಕೂ ಪಳಗಿದ ಕೈ ಬೇಕು. ಬಂಟ್ವಾಳ ತಾಲೂಕಿನ ಕೃಷಿಕ ಗಣಪತಿ ಭಟ್ಟರು ತಯಾರಿಸಿದ ಮರ ಏರುವ ಪೆಟ್ರೋಲ್ ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಅದರ ಮೇಲೂ ಮನುಷ್ಯನೇ ಕೂರಬೇಕು. ಮನುಷ್ಯ ನೆಲದಲ್ಲಿ ನಿಂತು ಯಂತ್ರ ಮಾತ್ರ ಮರವೇರುವ ದಿನಕ್ಕೆ, ಚೆಂಡನ್ನೂ ಜೊಳ್ಳನ್ನೂ ಬೇರ್ಪಡಿಸಿದ ಈ ಹುಡುಗರ ವಿದ್ಯೆಯೇ ಬೇಕು.

ಹಳಿಯಾಳದಲ್ಲೇ ಇಂಜಿನಿಯರಿಂಗ್ ಕಾಲೇಜಿದೆ. ಹುಬ್ಬಳ್ಳಿ, ಬೆಳಗಾವಿಗಳೂ ದೂರವಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ಧನಸಹಾಯ ನೀಡುತ್ತದೆ. ಹುಡುಗರಿಗೆ ವಿಷಯ ಬೇಕು, ನಮ್ಮಲ್ಲಿ ವಿಷಯವಿದೆ. ಅವರು ಬಂದರೆ ಚಹಾ ಕೊಟ್ಟು ಕಳಿಸಿಬಿಡಬೇಡಿ. ಬುಡದ ದಪ್ಪ, ತುದಿಯ ದಪ್ಪ ಅಳೆಯಲು ಬಿಡಿ. ಒಂದು ಹಸಿ ಕೊನೆಯ ತೂಕವನ್ನು ಕೈಯಲ್ಲೇ ಹಿಡಿದು ನೋಡಲಿ. ಮಳೆಯ ದಿನವೇ ಕರೆಯಿರಿ. ಮುಖ್ಯವಾಗಿ, ಕೊನೆ ಕೊಯ್ಯುವವರ ಎದುರು ಅವರನ್ನು ಕೂರಿಸಿರಿ. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ ಎಂಬುದು ಪುಸ್ತಕಕ್ಕಿಂತ ಅವರಿಗೇ ಚೆನ್ನಾಗಿ ಗೊತ್ತು.

ಇಂತಹ ಪ್ರಯೋಗಕ್ಕೆ ತೋಟ ತೆರೆದಿಡಲು ಒಪ್ಪುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ. ಮೊದಲ ಹೆಸರು ನಮ್ಮದೇ ಇದೆ.

— ಕಾರ್ಯದರ್ಶಿ